ಊಳುಮೀಮಾಂಸೆ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ರಚಿಸಿದಾಗ ಅಡುಗೆ, ಆನೆ, ಸಂಗೀತ, ಮೀನುಬೇಟೆಗಳ ಜೊತೆಗೆ ಬೇಟೆನಾಯಿಗಳಿಗೂ ಜಾಗ ಕೊಟ್ಟು, ಅವನ್ನು ಹುಟ್ಟಿದ ಸೀಮೆಯ ಪ್ರಕಾರ ವಿಂಗಡಿಸಿದ. ದೊರೆಯಾದವನಿಗೆ ಇಷ್ಟಾದರೂ ತಿಳಿದಿರಬೇಕು ಎಂಬುದು ಅವನ ಮತ. ಆದರೆ ಅರಮನೆಯಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇರಲಿಲ್ಲವಾದ್ದರಿಂದ, ನಾಯಿಯ ಊಳನ್ನು ವಿಂಗಡಿಸುವ ತುರ್ತು ಅವನಿಗೆ ಬೀಳಲಿಲ್ಲ. ಆ ಕೊರತೆಯನ್ನು ತುಂಬುವುದು ಈ ಕಿರುಶಾಸ್ತ್ರದ ಉದ್ದೇಶ.

ಶಾಸ್ತ್ರಕ್ಕೆ ಕ್ಷೇತ್ರ ಬೇಕು. ನಮ್ಮವು ಮೂರು. ಆಂಗ್ಲೋ ಇಂಡಿಯನ್ನರ ನೆಲೆಯಾಗಿ 1882ರಲ್ಲಿ ಹುಟ್ಟಿ, ಈಗ ಅವರನ್ನೇ ಹುಡುಕಬೇಕಾಗಿ ಬಂದಿರುವ ವೈಟ್‌ಫೀಲ್ಡ್ ಮೊದಲನೆಯದು. ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ ಸಿಟಿ ಎರಡನೆಯದು. ಲೇತ್, ಪ್ರೆಸ್ಸು, ಪೌಡರ್ ಕೋಟಿಂಗ್‌ಗಳ ಪೀಣ್ಯ ಮೂರನೆಯದು. ಅಧಿಕಾರಿ ಯಾರು, ಅಂದರೆ ಇದನ್ನು ಓದುವ ಅರ್ಹತೆ ಯಾರಿಗೆ? ನಾಯಿ ಸಾಕಿದವರಿಗೆ ಅರ್ಧ, ನಾಯಿ ಸಾಕಿದವರ ಪಕ್ಕದ ಮನೆಯವರಿಗೆ ಪೂರ್ತಿ.

ಮೊದಲು ಲಕ್ಷಣ. ಬೊಗಳುವುದು ಗಿಡ್ಡ, ತುಂಡುತುಂಡು; ಕಣ್ಣೆದುರು ಇರುವವನ ಮೇಲೆ ಎಸೆಯುವಂಥದ್ದು: ಪೋಸ್ಟ್‌ಮ್ಯಾನ್, ಬೆಕ್ಕು, ಹೆಲ್ಮೆಟ್ ತೆಗೆಯದೆ ಒಳಗೆ ಬಂದ ಮಾವ. ಊಳು ಹಾಗಲ್ಲ. ನಾಯಿ ಕುಕ್ಕರಗಾಲಲ್ಲಿ ಕೂತು, ಮೂತಿ ಮೇಲೆತ್ತಿ, ತುಟಿ ದುಂಡಗೆ ಮಾಡಿ ಒಂದೇ ಉಸಿರಿನಲ್ಲಿ ಎಳೆಯುತ್ತದೆ. ಎದುರಿಗೆ ಯಾರೂ ಇರುವುದಿಲ್ಲ. ಇಲ್ಲದವರಿಗಾಗಿಯೇ ಆ ಕೂಗು. ಇದು ತೋಳದಿಂದ ಬಂದ ಆಸ್ತಿ. ಹಿಂಡಿನಿಂದ ಚದುರಿದ ತೋಳ ‘ನಾನಿಲ್ಲಿದ್ದೇನೆ, ನೀವೆಲ್ಲಿ’ ಎಂದು ಮೈಲಿಗಟ್ಟಲೆ ದೂರಕ್ಕೆ ಮುಟ್ಟಿಸಲು ಊಳಿಡುತ್ತದೆ. ಅದರ ಮೂಲಸ್ವರ ಸುಮಾರು 150ರಿಂದ 780 ಹರ್ಟ್ಸ್. ಇಷ್ಟು ತಗ್ಗಿನ ದೀರ್ಘಸ್ವರ ಕಾಡಿನಲ್ಲಿ ಮರ ದಾಟಿ ಹೋಗುತ್ತದೆ, ವೈಟ್‌ಫೀಲ್ಡಿನಲ್ಲಿ ಗೋಡೆ ದಾಟಿ ಹೋಗುತ್ತದೆ. ತೋಳಕ್ಕೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸರ್ಕಾರ ಧಾಮ ಮಾಡಿಕೊಟ್ಟಿದೆ; ಅದರ ನೆಂಟ ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕೂತಿದ್ದಾನೆ.

ಇನ್ನು ಪೂರ್ವಪಕ್ಷ. ನಮ್ಮ ಹಿರಿಯರು ನಾಯಿಯ ಧ್ವನಿಯನ್ನು ಎರಡು ಪಾಲು ಮಾಡಿ, ಬೊಗಳುವುದನ್ನು ಗಾದೆಗೆ ಕೊಟ್ಟರು, ಊಳನ್ನು ಶಕುನಕ್ಕೆ ಕೊಟ್ಟರು. ಬೊಗಳುವ ನಾಯಿ ಕಚ್ಚುವುದಿಲ್ಲ, ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ ಎಂದೆಲ್ಲ ಅಂದು ಹಗುರ ಮಾಡಿದವರೇ ಊಳು ಕೇಳಿದೊಡನೆ ದನಿ ತಗ್ಗಿಸುತ್ತಾರೆ. ಯಮನಿಗೆ ನಾಲ್ಕು ಕಣ್ಣಿನ ಎರಡು ನಾಯಿಗಳಿರುವುದು ಋಗ್ವೇದದಷ್ಟು ಹಳೆಯ ಸುದ್ದಿ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನಾಯಿಶಕುನಕ್ಕೇ ಒಂದು ಅಧ್ಯಾಯ ತೆಗೆದಿಟ್ಟ. ಇತ್ತ ಹಳ್ಳಿಗಳಲ್ಲಿ ಊಳು ನಿಲ್ಲಿಸಲು ಚಪ್ಪಲಿ ಮಗುಚಿ ಹಾಕುವವರೂ ಇದ್ದಾರೆ, ನೀರೆರಚುವವರೂ ಇದ್ದಾರೆ. ನಾಯಿಗೆ ಯಮದೂತ ಕಾಣುತ್ತಾನೆ, ಆದ್ದರಿಂದ ಊಳಿಡುತ್ತದೆ ಎಂಬುದು ಪಕ್ಷದ ಸಾರ.

ಖಂಡನೆ ಹೀಗೆ. ಹಳ್ಳಿಯ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದರೆ ರಾತ್ರಿಯಿಡೀ ದೀಪ ಉರಿಯುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಜನ ಬಂದು ಹೋಗುತ್ತಾರೆ, ದಿನಾ ಅನ್ನ ಹಾಕುವ ಕೈ ಎದ್ದಿರುವುದಿಲ್ಲ. ನಾಯಿಯ ದಿನಚರಿ ತಪ್ಪಿತು, ಅದು ಕೂಗಿತು. ಸಾವು ಆಮೇಲೆ ಬಂತು. ಕೂಗನ್ನು ಅದರ ಲೆಕ್ಕಕ್ಕೆ ಬರೆದರು. ಅದಕ್ಕಿಂತ ದೊಡ್ಡ ಆಕ್ಷೇಪ ನಮ್ಮ ಕ್ಷೇತ್ರದ್ದು. ಶಕುನ ನಡೆಯಬೇಕಾದರೆ ನೆರೆಹೊರೆ ಬೇಕು. ನಲವತ್ತು ಮನೆಯ ಊರಿನಲ್ಲಿ ಮಂಗಳವಾರ ಊಳು ಕೇಳಿ ಶುಕ್ರವಾರ ಯಾರಾದರೂ ತೀರಿಕೊಂಡರೆ ಎರಡನ್ನೂ ಗಂಟು ಹಾಕಲು ಊರೆಲ್ಲ ಇರುತ್ತದೆ. ನಾನೂರು ಫ್ಲ್ಯಾಟಿನ ಗೋಪುರದಲ್ಲಿ ಊಳು ಎಲ್ಲರಿಗೂ ಕೇಳುತ್ತದೆ, ಸಾವು ಯಾರಿಗೂ ತಿಳಿಯುವುದಿಲ್ಲ. ಸರ್ವಿಸ್ ಲಿಫ್ಟು ಅರ್ಧ ಗಂಟೆ ಸಿಗುವುದಿಲ್ಲ ಎಂಬ ಒಂದು ಸಂದೇಶ ಬರುತ್ತದೆ, ಅಷ್ಟೆ. ಸಾಕ್ಷಿಗಳಿಲ್ಲದೆ ಯಮನ ಸಿದ್ಧಾಂತ ಹೊರವರ್ತುಲ ರಸ್ತೆಯ ಆಚೆ ತಾನಾಗಿಯೇ ಬಿದ್ದುಹೋಗಿದೆ.

ಈಗ ಸಿದ್ಧಾಂತ. ಊಳು ಮುಖ್ಯವಾಗಿ ಮೂರು ಬಗೆ: ವಂಶಜ, ಧ್ವನಿಜ, ವಿರಹಜ. ಉಳಿದ ಕೆಲವನ್ನು ಪರಿಶಿಷ್ಟಕ್ಕೆ ತಳ್ಳಿದ್ದೇನೆ.

ವಂಶಜವೆಂದರೆ ರಕ್ತದಲ್ಲಿ ಬಂದದ್ದು. ಬುಡಾಪೆಸ್ಟಿನ ಏತ್ವೋಶ್ ಲೊರಾಂದ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 68 ಶುದ್ಧತಳಿಯ ಸಾಕುನಾಯಿಗಳಿಗೆ ತೋಳದ ಊಳಿನ ಧ್ವನಿಮುದ್ರಣ ಕೇಳಿಸಿದರು. ತಳಿಯಲ್ಲಿ ತೋಳಕ್ಕೆ ಹತ್ತಿರವಾದವು ಊಳಿನಿಂದಲೇ ಉತ್ತರಿಸುವುದು ಹೆಚ್ಚು ಕಂಡಿತು. ಮನುಷ್ಯ ಇತ್ತೀಚೆಗೆ ತಿದ್ದಿ ತೀಡಿದ ತಳಿಗಳು ಬೊಗಳಿ ಸುಮ್ಮನಾಗುವುದೇ ಹೆಚ್ಚು. ಭಾಷೆ ಮರೆತ ಮನೆಮಕ್ಕಳ ಹಾಗೆ, ಅಜ್ಜಿ ಕೇಳಿದ್ದು ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ನುಡಿಯಲ್ಲಿ. ಈ ವರ್ಗದ ಚಕ್ರವರ್ತಿ ಹಸ್ಕಿ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಈ ಜೀವವನ್ನು ಏಪ್ರಿಲ್ ತಿಂಗಳ ವರ್ತೂರಿನಲ್ಲಿ ಏಸಿ ಹಾಕಿ ಸಾಕುತ್ತಾರೆ. ವ್ಯಾಪಾರಕ್ಕೆ ವಿದೇಶಿ ನಾಯಿ ತರಿಸುವುದನ್ನು ಕೇಂದ್ರ ಸರ್ಕಾರ 2016ರಲ್ಲಿ ನಿಲ್ಲಿಸಿತಾದರೂ ಅಷ್ಟರಲ್ಲಿ ಬಂದವು ಇಲ್ಲೇ ಸಂಸಾರ ಹೂಡಿದ್ದವು. ಹಸ್ಕಿ ಊಳಿಡಲು ಕಾರಣ ಕೇಳಬಾರದು, ಊಳಿಡದಿದ್ದರೆ ಕೇಳಬೇಕು.

ನಮ್ಮದೇ ಮುಧೋಳ ನಾಯಿ ಈ ವಿಷಯದಲ್ಲಿ ಮಿತಭಾಷಿ. ಕಣ್ಣಿನಿಂದ ಬೇಟೆಯಾಡುವ ಜಾತಿಗೆ ಬಾಯಿಯ ಕೆಲಸ ಕಡಿಮೆ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರವನ್ನು ಸ್ಟಾಂಪಿನ ಮೇಲೆ ಅಚ್ಚು ಹಾಕಿಸಿತು, ಆಗಲೂ ಅದು ಏನೂ ಅನ್ನಲಿಲ್ಲ. ಇನ್ನು ಕನ್ನಡ ನಾಡಿನ ನಾಯಿಗಳಲ್ಲಿ ಅತ್ಯಂತ ಗೌರವ ಪಡೆದದ್ದು 10ನೇ ಶತಮಾನದ ಕಾಳಿ: ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಗಂಗ ಬೂತುಗನ ಬಂಟ ಮಣಲೇರ ಕೇಳಿ ಪಡೆದ ಬೇಟೆನಾಯಿ, ಕಾಡುಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದರ ಹೆಸರಿನಲ್ಲಿ ನಿಲ್ಲಿಸಿದ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಗರದ ಒಳ್ಳೆಯ ವಿಳಾಸದಲ್ಲಿ, ಒಂದೂ ದೂರಿಲ್ಲದೆ ಇರುವ ಏಕೈಕ ನಾಯಿ ಅದು.

ಎರಡನೆಯದು ಧ್ವನಿಜ, ಪೀಣ್ಯದಲ್ಲಿ ಹೆಚ್ಚಾಗಿ ಸಿಗುವಂಥದ್ದು. ಪೀಣ್ಯದ ನಾಯಿ ಸಾಕುನಾಯಿಯೇ ಅಲ್ಲವೇ ಎಂಬ ಸಂದೇಹ ಮೊದಲು ಪರಿಹಾರವಾಗಬೇಕು. ಶೆಡ್ಡಿನ ಮಾಲೀಕ ಅದಕ್ಕೆ ಬೆಲ್ಟು ತಂದು ಕಟ್ಟಿದ್ದಾನೆ, ವಾಚ್‌ಮನ್ ಹೆಸರಿಟ್ಟಿದ್ದಾನೆ, ಲೇತ್ ಆಪರೇಟರ್ ಬೆಳಿಗ್ಗೆ ಬನ್ನು ಹಾಕುತ್ತಾನೆ, ರಾತ್ರಿ ಪಾಳಿಯವರು ಟಿಫನ್ ಡಬ್ಬಿಯ ತಳ ತೋರಿಸುತ್ತಾರೆ. ಒಂದು ಮನೆಯ ನಾಯಿ ಅಲ್ಲ, ಒಂದು ಪಾಳಿಯ ನಾಯಿ. ಪಾಳಿ ಬದಲಾಗುವ ಸೈರನ್ ಕೂಗಿದೊಡನೆ ಇದು ಗೇಟಿನ ಬಳಿ ಬಂದು ಕೂತು ದನಿಗೂಡಿಸುತ್ತದೆ. ಇದು ಶುರುಮಾಡಿದ್ದನ್ನು ಪಕ್ಕದ ರಸ್ತೆಯ ಫೌಂಡ್ರಿಯದು ಎತ್ತಿಕೊಳ್ಳುತ್ತದೆ, ಅದರಿಂದ ರಾಜಗೋಪಾಲನಗರದವರೆಗೆ ಹಬ್ಬುತ್ತದೆ. ಸೈರನ್ನಿಗೆ ಕಿವಿ ನೋಯುತ್ತದೆ, ಅದಕ್ಕೇ ಅಳುತ್ತದೆ ಎನ್ನುವವರಿದ್ದಾರೆ. ಕಿವಿ ನೊಂದ ನಾಯಿ ಮೇಜಿನಡಿ ಸೇರುತ್ತದೆ, ಗೇಟಿಗೆ ಬಂದು ಎದೆ ಸೆಟೆದು ಕೂರುವುದಿಲ್ಲ. ಏರಿ ಇಳಿಯುವ ಆ ದೀರ್ಘಸ್ವರ ಅದರ ಪಾಲಿಗೆ ದೂರದಲ್ಲೆಲ್ಲೋ ಇರುವ ಬಹುದೊಡ್ಡ ನಾಯಿಯೊಂದರ ಕರೆ. ಕರೆದಾಗ ಓಗೊಡುವುದು ಸಭ್ಯತೆ.

ಆಂಬುಲೆನ್ಸು ಇದರ ಉಪಭೇದ. ‘ಆರೋಗ್ಯ ಕವಚ 108’ 2008ರ ರಾಜ್ಯೋತ್ಸವದಂದು ಶುರುವಾದ ಮೇಲೆ ತುಮಕೂರು ರಸ್ತೆಯ ಗಾಯನ ಪರಂಪರೆ ಗಟ್ಟಿಯಾಯಿತು. 2021ರ ಡಿಸೆಂಬರ್ ಕೊನೆಗೆ ಪೀಣ್ಯ ಮೇಲ್ಸೇತುವೆಯ ಕೇಬಲ್ ಕೆಟ್ಟು ಸಂಚಾರ ಮುಚ್ಚಿದಾಗ ವಾಹನಗಳೆಲ್ಲ ಕೆಳರಸ್ತೆಗೆ ಬಿದ್ದು ನಿಂತಲ್ಲೇ ನಿಂತವು. ಅಂಥ ಜಾಮಿನಲ್ಲಿ ಸಿಕ್ಕಿಕೊಂಡ ಸೈರನ್ ದೂರ ಹೋಗಿ ಕರಗುವುದಿಲ್ಲ. ಉತ್ತರ ಕೊಡುವವರಿಗೂ ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ. ಇತರ ಉದ್ದೀಪಕಗಳು: ಶಂಖ, ದೇವಸ್ಥಾನದ ಕರೆಂಟಿನ ನಗಾರಿ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ, ಮೂರನೇ ಮಹಡಿಯಲ್ಲಿ ಕೊಳಲು ಕಲಿಯುತ್ತಿರುವ ಹುಡುಗ. ಕೊನೆಯದರಲ್ಲಿ ನಾಯಿ ಪ್ರಶಂಸೆ ಮಾಡುತ್ತಿದೆಯೋ ಆಕ್ಷೇಪಿಸುತ್ತಿದೆಯೋ ಎಂಬ ಬಗ್ಗೆ ಹುಡುಗನ ತಾಯಿಗೂ ಪಕ್ಕದ ಮನೆಯವರಿಗೂ ಭಿನ್ನಾಭಿಪ್ರಾಯವಿದೆ. ತೋಳಗಳು ಒಟ್ಟಿಗೆ ಊಳಿಡುವಾಗ ಒಂದೇ ಸ್ವರಕ್ಕೆ ನಿಲ್ಲದೆ ಬೇರೆ ಬೇರೆ ಸ್ವರ ಹಿಡಿಯುತ್ತವೆ, ಕೇಳಿದವರಿಗೆ ಹಿಂಡು ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಪೀಣ್ಯದ ನಾಯಿಗಳೂ ಹಾಗೆಯೇ. ಧ್ವನಿಜದಲ್ಲಿ ದುಃಖವಿಲ್ಲ, ಅದು ಭಜನೆ.

ದುಃಖವಿರುವುದು ವಿರಹಜದಲ್ಲಿ. ಇದರ ರಾಜಧಾನಿ ವೈಟ್‌ಫೀಲ್ಡ್. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಐಟಿ ಮಂದಿ ಮನೆಯಲ್ಲೇ ಕೂತಾಗ ಬಹಳ ಮನೆಗಳಿಗೆ ಮರಿ ಬಂತು. ಆ ಮರಿಗಳು ಮನುಷ್ಯನನ್ನು ಕಂಡದ್ದೇ ಹಾಗೆ: ಬೆಳಗುವ ಹಲಗೆಯೊಂದರ ಮುಂದೆ ದಿನವಿಡೀ ಕೂತು, ಆಗಾಗ ತನ್ನಷ್ಟಕ್ಕೆ ಮಾತಾಡುವ, ಎಲ್ಲಿಗೂ ಹೋಗದ ಪ್ರಾಣಿ. ಎರಡು ವರ್ಷ ಕಳೆದು ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂಬ ಆಜ್ಞೆ ಹೊರಟಿತು. ಮನುಷ್ಯ ಬೈದುಕೊಂಡು ಹೋದ. ನಾಯಿಗೆ ಇಮೇಲ್ ಬಂದಿರಲಿಲ್ಲ.

ವಿರಹವನ್ನು ವಿಂಗಡಿಸಲು ಹೊಸ ಪರಿಭಾಷೆ ಕಟ್ಟಬೇಕಿಲ್ಲ, ಭರತನ ನಾಟ್ಯಶಾಸ್ತ್ರದಿಂದ ಬಂದ ಅಷ್ಟವಿಧ ನಾಯಿಕಾಭೇದ ಸಾಕು. ಗಂಡು ನಾಯಿಗಳೂ ಇದರಲ್ಲಿ ಸೇರಿದವು, ಆಕ್ಷೇಪವೆತ್ತಿಲ್ಲ. ಸ್ವಾಧೀನಪತಿಕೆ ಎಂದರೆ ಯಜಮಾನ ಇನ್ನೂ ಮನೆಯಿಂದಲೇ ಕೆಲಸ ಮಾಡುತ್ತಿರುವ ನಾಯಿ. ಇದು ಊಳಿಡುವುದಿಲ್ಲ, ಅವನು ಮೀಟಿಂಗಿನಲ್ಲಿ ಮ್ಯೂಟ್ ತೆಗೆದಾಗ ಮಾತ್ರ ಬೊಗಳುತ್ತದೆ. ಪ್ರೋಷಿತಪತಿಕೆಯ ಒಡೆಯ ಆನ್‌ಸೈಟ್‌ಗೆ ಹೋಗಿದ್ದಾನೆ. ಸಂಜೆ ಆರರಿಂದಲೇ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟು, ಲಿಫ್ಟಿನ ಸದ್ದಿಗೆ ಕಿವಿ ನಿಗುರಿಸಿ ಕೂತದ್ದು ವಾಸಕಸಜ್ಜಿಕೆ. ಏಳಾಗಿ, ಎಂಟಾಗಿ, ಯಜಮಾನ ಇನ್ನೂ ಮಾರತ್‌ಹಳ್ಳಿ ಸೇತುವೆಯ ಮೇಲೇ ಇದ್ದಾನೆಂದರೆ ಅದೇ ನಾಯಿ ವಿರಹೋತ್ಕಂಠಿತೆಯಾಗುತ್ತದೆ. 2023ರಲ್ಲಿ ವೈಟ್‌ಫೀಲ್ಡಿಗೆ ನೇರಳೆ ಮಾರ್ಗವೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂದ ಮೇಲೆ ಈ ಸ್ಥಿತಿಯ ಅವಧಿ ತಗ್ಗಿರಬೇಕೆಂದು ಶಾಸ್ತ್ರದ ಊಹೆ. ಮೆಟ್ರೋದ ಲಾಭಗಳ ಪಟ್ಟಿಗೆ ಇದನ್ನು ಯಾರೂ ಇನ್ನೂ ಸೇರಿಸಿಲ್ಲ.

ಎಂಟರಲ್ಲಿ ಕರುಳು ಹಿಂಡುವುದು ವಿಪ್ರಲಬ್ಧೆ. ಲಿಫ್ಟು ಇದೇ ಮಹಡಿಯಲ್ಲಿ ನಿಂತಿತು, ಬಾಗಿಲು ತೆರೆಯಿತು, ಹೆಜ್ಜೆ ಇತ್ತಲೇ ಬಂತು, ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಆಮೇಲೆ ಎದುರು ಫ್ಲ್ಯಾಟಿನ ಗಂಟೆ. ಬಿರಿಯಾನಿ ತಂದ ಹುಡುಗ. ಆಗ ಹೊರಡುವ ಊಳಿಗೆ ಸಮನಾದದ್ದು ಕರ್ನಾಟಕ ಸಂಗೀತದಲ್ಲಿ ಮುಖಾರಿಯೊಂದೇ. ಡೆಲಿವರಿಯವರ ಸಂಖ್ಯೆ ನೋಡಿದರೆ ಈ ನಾಯಿಕೆಯೇ ಬಹುಸಂಖ್ಯಾತೆ. ಶೂ ಅಗಿದು ಬೈಸಿಕೊಂಡು ಆಮೇಲೆ ಪಶ್ಚಾತ್ತಾಪ ಪಡುವ ಕಲಹಾಂತರಿತೆ, ಯಜಮಾನನ ಪ್ಯಾಂಟಿನಲ್ಲಿ ಬೇರೆ ನಾಯಿಯ ವಾಸನೆ ಹಿಡಿದ ಖಂಡಿತೆ ಎಲ್ಲರಿಗೂ ಪರಿಚಿತ, ವಿವರಿಸುವುದಿಲ್ಲ. ಅಭಿಸಾರಿಕೆ ಗೇಟು ಹಾರಿ ಹಗದೂರು ಕಡೆಗೆ ಹೋಗಿರುತ್ತಾಳೆ. ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರು.

ವಿರಹಜಕ್ಕೆ ಒಂದು ವಿಚಿತ್ರ ಗುಣವಿದೆ. ಯಾರಿಗಾಗಿ ಊಳಿಡುತ್ತದೋ ಅವನೊಬ್ಬನಿಗೇ ಅದು ಕೇಳುವುದಿಲ್ಲ, ಅವನು ಇಲ್ಲದಾಗಲೇ ಹುಟ್ಟುವುದರಿಂದ. ಪ್ರತ್ಯಕ್ಷ ಪ್ರಮಾಣ ಅವನಿಗೆ ಅಸಾಧ್ಯ. ಶಬ್ದಪ್ರಮಾಣವನ್ನು, ಅಂದರೆ ಕೆಲಸದವಳ ಮಾತನ್ನು, ಅವನು ಒಪ್ಪುವುದಿಲ್ಲ. “ಸಾರ್, ನೀವು ಲಿಫ್ಟ್ ಹತ್ತಿದ್ದೇ ತಡ, ಶುರು ಹಚ್ಕೊಂಡ್‌ಬಿಡುತ್ತೆ. ಕೆಳಗಡೆ ಗಾರ್ಡ್ ಅಣ್ಣಂಗೂ ಕೇಳ್ಸುತ್ತೆ.” “ನಮ್ಮ ಬ್ರೂನೋನಾ? ಛೇ, ಅವನು ತುಂಬಾ ಸೈಲೆಂಟು.” ಕೊನೆಗೆ ಮನೆಯಲ್ಲಿ ಕ್ಯಾಮೆರಾ ಕೂರಿಸುತ್ತಾರೆ. ಆಫೀಸಿನಲ್ಲಿ ಫೋನು ತೆರೆದು ಮೊದಲ ಸಲ ಆ ಕೂಗು ಕೇಳಿದವರು ಸಾಮಾನ್ಯವಾಗಿ ಮಾಡುವುದು ಒಂದೇ: ಮೈಕು ಒತ್ತಿ “ಬ್ರೂನೋ, ಚಿನ್ನಾ, ಅಳಬೇಡ ಮರಿ” ಅನ್ನುವುದು. ನಾಯಿ ಟೀವಿಯ ಪಕ್ಕದ ಡಬ್ಬಿಯನ್ನು ನೋಡುತ್ತದೆ. ದನಿ ಇದೆ, ವಾಸನೆಯಿಲ್ಲ. ಡಬ್ಬಿಯ ಹಿಂದೆ ಹೋಗಿ ಹುಡುಕುತ್ತದೆ. ಆಮೇಲೆ ಮೊದಲಿಗಿಂತ ಜೋರಾಗಿ ಶುರುಮಾಡುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದೇ ರೋಗ ರಾತ್ರಿ ಕಾಣಿಸುತ್ತದೆ. ಅಮೆರಿಕದ ಗಡಿಯಾರಕ್ಕೆ ದುಡಿಯುವವರು ನೀಲಾದ್ರಿ ರಸ್ತೆಯ ಸುತ್ತಲಿನ ಬಾಡಿಗೆ ಮನೆಗಳಿಂದ ಕ್ಯಾಬು ಹತ್ತುವ ಹೊತ್ತಿಗೆ ನಾಯಿ ಒಂಟಿ. ಹಗಲು ವೈಟ್‌ಫೀಲ್ಡ್, ರಾತ್ರಿ ಎಲೆಕ್ಟ್ರಾನಿಕ್ ಸಿಟಿ. ಬೆಂಗಳೂರಿನ ವಿರಹಕ್ಕೆ ಇಪ್ಪತ್ತನಾಲ್ಕು ಗಂಟೆಯ ಸೇವೆಯಿದೆ.

ಪರಿಶಿಷ್ಟ ಭೇದಗಳು ಎರಡು. ಉತ್ಪಾತಜ: 2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿನ ಪೂರ್ವಭಾಗವನ್ನೆಲ್ಲ ಬೆಚ್ಚಿಸಿದ ಭಾರಿ ಸದ್ದಿನಂಥದ್ದು. ಭೂಕಂಪವಲ್ಲವೆಂದು ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು; ಆಮೇಲೆ ವಾಯುಸೇನೆಯ ಪರೀಕ್ಷಾ ವಿಮಾನ ಶಬ್ದಾತೀತ ವೇಗದಿಂದ ಇಳಿದಾಗ ಬಂದದ್ದೆಂದು ತಿಳಿಯಿತು. ಇಂಥ ಸದ್ದಿಗೆ, ದೀಪಾವಳಿಯ ಆಟಂಬಾಂಬಿಗೆ, ನಾಯಿ ಊಳಿಡುವುದಕ್ಕಿಂತ ಮಂಚದಡಿ ಸೇರಿ ನಡುಗುವುದೇ ಹೆಚ್ಚು. ಇನ್ನೊಂದು ರೋಗಜ, ಇಲ್ಲಿ ತಮಾಷೆ ಬೇಡ. ಎಂದೂ ಊಳಿಡದ ಮುದಿ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಎದ್ದು ಗೋಡೆ ನೋಡಿಕೊಂಡು ಕೂಗತೊಡಗಿದರೆ ನೋವೋ ಕಿವುಡೋ ಮರೆವೋ ಇರಬಹುದು. ಚಪ್ಪಲಿ ಮಗುಚುವುದು ಬಿಟ್ಟು ಹೆಬ್ಬಾಳದ ಪಶುವೈದ್ಯ ಕಾಲೇಜಿಗೋ ಹತ್ತಿರದ ಡಾಕ್ಟರ ಬಳಿಗೋ ಕರೆದೊಯ್ಯಬೇಕು.

ಧರ್ಮಶಾಸ್ತ್ರ ಏನನ್ನುತ್ತದೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಾಯಿಗೆ ವಾಲ್ಯೂಮ್ ಗುಂಡಿಯಿಲ್ಲ. 2018ರಲ್ಲಿ ಬಿಬಿಎಂಪಿ ಒಂದು ಫ್ಲ್ಯಾಟಿಗೆ ಒಂದೇ ನಾಯಿ ಎಂಬ ಉಪವಿಧಿ ತಂದು, ಗದ್ದಲವೆದ್ದ ಮೇಲೆ ಹಿಂದಕ್ಕೆ ಪಡೆಯಿತು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇನ್ನೂ ಖಚಿತ: ನಾಯಿ ಬೊಗಳುತ್ತದೆಂಬ ಕಾರಣಕ್ಕೆ ಅಸೋಸಿಯೇಷನ್ನು ನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ದೂರ ಇಡುವಂತಿಲ್ಲ. ಊಳು ಬೊಗಳುವಿಕೆಯಲ್ಲಿ ಅಡಕವೋ ಅಲ್ಲವೋ ಎಂಬ ಬಗ್ಗೆ ವ್ಯಾಖ್ಯಾನಕಾರರು ಇನ್ನೂ ಹುಟ್ಟಬೇಕು. ಸೆಕ್ರೆಟರಿಗಳು ಮಾತ್ರ ಹುಟ್ಟಿ ನೋಟಿಸು ಅಂಟಿಸುತ್ತಿದ್ದಾರೆ.

ಕೊನೆಗೆ ಚಿಕಿತ್ಸೆ. ತಜ್ಞರು ಹೇಳುವ ವಿಧಾನ ನಿಜಕ್ಕೂ ಫಲಿಸುವಂಥದ್ದು, ಆದರೆ ತಾಳ್ಮೆ ಬೇಡುತ್ತದೆ. ನಾಯಿಗೆ ವಿರಹ ಶುರುವಾಗುವುದು ಬಾಗಿಲು ಮುಚ್ಚಿದಾಗಲ್ಲ. ಯಜಮಾನ ಐಡಿ ಕಾರ್ಡನ್ನು ಕೊರಳಿಗೆ ಹಾಕಿದಾಗ. ಆದ್ದರಿಂದ ಕಾರ್ಡು ಹಾಕಿಕೊಂಡು ಸುಮ್ಮನೆ ಸೋಫಾದಲ್ಲಿ ಕೂರಬೇಕು. ಬೀಗದ ಕೈ ಕುಲುಕಿ ಅಡುಗೆಮನೆಗೆ ಹೋಗಬೇಕು. ಒಂದು ನಿಮಿಷ ಹೊರಗೆ ಹೋಗಿ ಬರಬೇಕು, ಆಮೇಲೆ ಮೂರು, ಆಮೇಲೆ ಹತ್ತು. ಹೋಗುವಾಗ ಮುದ್ದಾಟ ಬೇಡ, ಬಂದಾಗ ಉತ್ಸವ ಬೇಡ. ಕೆಲವರು ಟೀವಿಯಲ್ಲಿ ಧಾರಾವಾಹಿ ಹಚ್ಚಿಟ್ಟು ಹೋಗುತ್ತಾರೆ; ಅದರಲ್ಲಿ ಅತ್ತೆ ಅಳಲು ಶುರುಮಾಡಿದರೆ ವಿರಹಜದ ಮೇಲೆ ಧ್ವನಿಜವೂ ಸೇರಿಕೊಳ್ಳುತ್ತದೆ.

ಕಾಡುಗೋಡಿಯ ಕಡೆಯ ಒಂದು ಫ್ಲ್ಯಾಟಿನಲ್ಲಿ ಇದ್ಯಾವುದೂ ಬೇಕಾಗಲಿಲ್ಲ. ತಿಪಟೂರಿನ ಕಡೆಯಿಂದ ಯಜಮಾನನ ತಂದೆಯನ್ನು ಕರೆತಂದು ಇರಿಸಿಕೊಂಡರು. ಬಂದ ಮೊದಲ ದಿನ ಅಜ್ಜ ಊಳು ಕೇಳಿ “ಥೂ, ಅಪಶಕುನದ್ ಮುಂಡೇದೆ, ಬಾಯ್ ಮುಚ್ಚು” ಎಂದು ಗದರಿ ಚಪ್ಪಲಿ ಮಗುಚಿ ಹಾಕಿದರು. ನಾಯಿ ಬಂದು ಚಪ್ಪಲಿಯ ಪಕ್ಕ ಮಲಗಿತು. ಆಮೇಲೆ ಆ ಮನೆಯಿಂದ ಊಳಿಲ್ಲ. ಹಗಲೆಲ್ಲ ಇಬ್ಬರೂ ಬಾಲ್ಕನಿಯಲ್ಲಿ ಕೂತು ಮೆಟ್ರೋ ನೋಡುತ್ತಾರೆ. ಅಜ್ಜನಿಗೆ ಪಕ್ಕದ ಮನೆಯವರ ಹಿಂದಿ ಬಾರದು, ಪಕ್ಕದ ಮನೆಯವರಿಗೆ ಅಜ್ಜನ ಕನ್ನಡ ಬಾರದು, ನಾಯಿಗೆ ಎರಡೂ ಆಗುತ್ತದೆ. ಸಂಜೆ ಆರಾದರೆ ಲಿಫ್ಟಿನ ಸದ್ದಿಗೆ ಕಿವಿ ಕೊಡುವವರು ಈಗ ಇಬ್ಬರು. ಈಚೆಗೆ ಸೆಕ್ರೆಟರಿ, ನಾಯಿಯನ್ನು ಸರ್ವಿಸ್ ಲಿಫ್ಟಿನಲ್ಲೇ ಕರೆದೊಯ್ಯಬೇಕೆಂದು ಹೊಸ ನೋಟಿಸು ಅಂಟಿಸಿದರು. ಅಜ್ಜ ಮೊಮ್ಮಗಳ ಕೈಲಿ 2015ರ ಮಾರ್ಗಸೂಚಿಯನ್ನು ಪ್ರಿಂಟ್ ತೆಗೆಸಿ, ನಾಲ್ಕು ಮಡಿಕೆ ಮಾಡಿ ಜುಬ್ಬದ ಜೇಬಿನಲ್ಲಿಟ್ಟುಕೊಂಡು ಈಗ ದಿನಕ್ಕೆರಡು ಸಲ ಮುಂದಿನ ಲಿಫ್ಟಿನಲ್ಲೇ ಇಳಿಯುತ್ತಾರೆ. ಸೆಕ್ರೆಟರಿ ಎದುರಾದರೆ ಜೇಬಿಗೆ ಕೈ ಹಾಕುತ್ತಾರೆ.